ಮಡುವಿಗೆ ಮುಳ್ಳು ಹಾಕಿದವಳು

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಅದಾದ ಮೂರನೆಯ ಬೇಸಿಗೆಯಲ್ಲಿ, ಶಹಾಪುರದ ದಕ್ಷಿಣಕ್ಕೆ ಹರಿಯುವ ಕೃಷ್ಣಾ ನದಿಯ ಒಂದು ಮಡುವಿನಲ್ಲಿ ಕಲ್ಲು ಸಿಡಿಸುವ ಮದ್ದು ಹಾಕಿ ಮೀನು ಕೊಂದರು. ಆ ಮಡುವಿಗೆ ಹೋಗುವ ದಾರಿಯನ್ನು ಪತ್ರಿಕೆಯಲ್ಲಿ ಬರೆದವನು ನಾನು.

ಕಳೆದ ತಿಂಗಳು ಸುರಪುರದ ಮಾರುಕಟ್ಟೆಯಲ್ಲಿ ಮೀನಿನ ಪೆಟ್ಟಿಗೆಯೊಂದರ ಮುಂದೆ ನಿಂತಾಗ, ಆ ಹಸಿ ವಾಸನೆಯ ಜೊತೆಗೆ ಇದೆಲ್ಲ ಮೇಲೆದ್ದು ಬಂತು. ಕೈಗೆತ್ತಿಕೊಂಡ ಗೆಂಡೆ ಮೀನಿನ ಬೆನ್ನೆಲುಬಿನ ಉದ್ದಕ್ಕೂ ನನ್ನ ಹೆಬ್ಬೆರಳು ತಾನಾಗಿಯೇ ಒತ್ತುತ್ತ ಹೋಗಿತ್ತು.

“ಏನ್ ಹುಡುಕಾಕತ್ತೀರಿ ಸರ? ಮೀನೇನು ತಬಲಾ ಅಂತ ಮಾಡೀರೇನು?” ಎಂದ ಅಂಗಡಿಯವ. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಹಾಗೆ ಒತ್ತಿ ನೋಡುವುದನ್ನು ನನಗೆ ಕಲಿಸಿದವಳು ತೀರಿಕೊಂಡು ಎಷ್ಟೋ ವರ್ಷವಾಯಿತು…

ನಾವು ಅವಳನ್ನು ಮೀನಿನ ಆಯಿ ಎನ್ನುತ್ತಿದ್ದೆವು. ಹೊಳೆದಂಡೆಯ ಒಂದು ಸಣ್ಣ ಊರು ಅವಳದು. ಗಂಡ, ಮೈದುನರು ಬಲೆ ಹಾಕುತ್ತಿದ್ದರು. ಅವಳು ನಸುಕಿಗೇ ಚಕ್ಕಡಿ ಹತ್ತಿ, ಒದ್ದೆ ಹುಲ್ಲಿನಲ್ಲಿ ಸುತ್ತಿದ ಮೀನು ತಂದು ಶಹಾಪುರದ ಸಂತೆಯಲ್ಲಿ ಕೂರುತ್ತಿದ್ದಳು. ಬೇಸಿಗೆಯಲ್ಲಿ ಒಣಮೀನಿನ ಬುಟ್ಟಿ ಹೊತ್ತು ಸಗರ, ವನದುರ್ಗದ ಮನೆ ಮನೆ ತಿರುಗುತ್ತಿದ್ದಳು. ಎತ್ತರದ ಹೆಂಗಸು, ದೊಡ್ಡ ದನಿ. ಬೇರೆಯವರ ಹತ್ತಿರ ಮೀನು ಕೊಂಡವರು ಕೂಡ ಅವಳ ಬಳಿ ತಂದು ತೋರಿಸುತ್ತಿದ್ದರು. ಕಿವಿರು ಎತ್ತಿ, ಕಣ್ಣು ನೋಡಿ, ಬೆನ್ನು ಒತ್ತಿ, “ಇದು ನಿನ್ನಿ ಮೀನು. ನಿನಗ ಮೋಸ ಮಾಡ್ಯಾನ, ಹೋಗಿ ಅವನ ಮುಖಕ್ಕ ಹೊಡಿ” ಎಂದು ಮಾರಿದವನಿಗೆ ಕೇಳುವ ಹಾಗೆಯೇ ಹೇಳುತ್ತಿದ್ದಳು. ಸಂತೆಯಲ್ಲಿ ಅವಳಿಗೆ ಗೆಳೆಯರು ಕಡಿಮೆ ಇದ್ದರು, ಗಿರಾಕಿಗಳು ಬಹಳ.

ಆ ಕಾಲದಲ್ಲಿ ಬೇಸಿಗೆ ಬಂತೆಂದರೆ ಕೃಷ್ಣೆಯಲ್ಲಿ ಬಂಡೆ, ಉಸುಕು, ನಡುವೆ ಅಲ್ಲಲ್ಲಿ ನಿಂತ ನೀರು ಇಷ್ಟೇ ಉಳಿಯುತ್ತಿತ್ತು. ದೊಡ್ಡ ಮೀನುಗಳೆಲ್ಲ ಒಂದು ಆಳವಾದ ಮಡುವಿಗೆ ಇಳಿದು ಮಳೆಗೆ ಕಾಯುತ್ತಿದ್ದವು. ಯುಗಾದಿಯಿಂದ ಹಿಡಿದು ಹೊಳೆಗೆ ಮೊದಲ ಕೆಂಪು ನೀರು ಬರುವವರೆಗೆ ಆ ಮಡುವಿಗೆ ಬಲೆ ಹಾಕಬಾರದು ಎಂಬುದು ದಂಡೆಯ ಊರುಗಳ ಕಟ್ಟಳೆ. ಮುರಿದವನ ಮನೆಯಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಜಹಗೀರದಾರನ ಕಡೆಯಿಂದ ಅಲ್ಲೊಬ್ಬ ಪಹರೆಯವನೂ ಇದ್ದ. ಜಹಗೀರಿಗಳು ರದ್ದಾದ ಮೇಲೆ ಅವನು ಊರು ಬಿಟ್ಟು ಹೋದ. ಕಟ್ಟಳೆ ಮಾತ್ರ ಹೋಗಲಿಲ್ಲ.

ನನಗೆ ಆಗ ಇಪ್ಪತ್ತೆರಡು. ಹುಬ್ಬಳ್ಳಿಯ ಕಡೆಯ ಪತ್ರಿಕೆಯೊಂದಕ್ಕೆ ಯಾದಗಿರಿಯ ಬಾತ್ಮೀದಾರನಾಗಿದ್ದೆ. ಆಯಿಯ ಬಾಯಿಂದ ಮಡುವಿನ ಮಾತು ಕೇಳಿ, ತೋರಿಸು ಎಂದು ದುಂಬಾಲು ಬಿದ್ದೆ. ಒಂದು ಬೆಳಿಗ್ಗೆ ಕರೆದುಕೊಂಡು ಹೋದಳು. ಬಂಡೆಯ ಮೇಲೆ ನಿಂತು ಜೋಳದ ನುಚ್ಚು ಎರಚಿದಳು. ನೀರು ಕುದಿದ ಹಾಗಾಯಿತು. ತೋಳುದ್ದದ ಬೆನ್ನುಗಳು, ಒಂದರ ಮೇಲೊಂದು… ಅಂಥದ್ದನ್ನು ನಾನು ಮತ್ತೆಂದೂ ನೋಡಿಲ್ಲ.

“ಬಂಗಾರ ಅಲ್ಲ ಇದು, ಬೀಜ,” ಎಂದಳು. “ಬಂಗಾರ ಕಳದ್ರ ಮತ್ತ ಮಾಡಸ್ಬಹುದು.”

ನಾನು ಬರೆದೆ. ಯಾರು, ಏನು, ಯಾವಾಗ, ಎಲ್ಲಿ: ಈ ನಾಲ್ಕೂ ಇಲ್ಲದ್ದು ಸುದ್ದಿಯಲ್ಲ ಎಂದು ನನಗೆ ಹೇಳಿಕೊಟ್ಟಿದ್ದರು. ಹಾಗಾಗಿ ಯಾವ ಊರಿನಿಂದ ಇಳಿಯಬೇಕು, ಬಂಡಿದಾರಿ ಎಲ್ಲಿ ಕವಲೊಡೆಯುತ್ತದೆ, ಯಾವ ಬಂಡೆ ಗುರುತು, ಎಲ್ಲವನ್ನೂ ಬರೆದೆ. ಬರೆಯಲೇ ಎಂದು ಅವಳನ್ನು ಕೇಳಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ. ಲೇಖನ ಚೆನ್ನಾಗಿ ಬಂದಿದೆ ಎಂದು ಸಂಪಾದಕರು ಕಾರ್ಡು ಬರೆದರು.

ಸುಮಾರು ಎರಡು ವಾರದ ನಂತರ, ಸಂತೆಯ ದಿನ, ನಾನು ಶಹಾಪುರದಲ್ಲಿದ್ದೆ. ಆಯಿ ಒಣಮೀನು ಹರಡಿಕೊಂಡು ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಒದ್ದೆ ಗೋಣಿ ಹೊದಿಸಿದ ಚಕ್ಕಡಿಯೊಂದು ಬಂದು ನಿಂತಿತು. ರಸ್ತೆ ಕೆಲಸಕ್ಕೆ ಕಲ್ಲು ಒಡೆಸುತ್ತಿದ್ದ ಗುತ್ತೇದಾರನ ಆಳುಗಳದು. ಗೋಣಿ ಸರಿಸಿದರು. ಗೆಂಡೆ, ಬಾಳೆ ಮೀನು, ಒಂದೊಂದೂ ತೋಳುದ್ದ. ಜನ ಮುಗಿಬಿದ್ದರು.

ಆಯಿ ಎದ್ದು ಹೋಗಿ ಒಂದನ್ನು ಎತ್ತಿಕೊಂಡಳು. ಕಣ್ಣು ನೋಡಿದಳು, ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಬೆನ್ನ ಮೇಲೆ ಹೆಬ್ಬೆರಳು ಒತ್ತುತ್ತ ಹೋದಳು. ನಡುವಿನಲ್ಲಿ ಬೆರಳು ಒಳಗೆ ಇಳಿಯಿತು. ಎಲುಬು ಮುರಿದಿತ್ತು. ಬಲೆಗೆ ಬಿದ್ದ ಮೀನಿನ ಎಲುಬು ಮುರಿಯುವುದಿಲ್ಲ. ಸೊಂಟದ ಚೂರಿ ತೆಗೆದು ಹೊಟ್ಟೆ ಸೀಳಿದಳು. ಒಳಗೆ ಎಲ್ಲ ಒಡೆದು ಕೆಂಪಾಗಿತ್ತು. ಆ ಕೆಂಪಿನ ನಡುವೆ ಎರಡು ಬೊಗಸೆ ತತ್ತಿ.

“ಮದ್ದು ಹಾಕೀರಿ,” ಎಂದಳು. “ಇಂಥ ಮೀನು ಈಗ ಹೊಳಿಯಾಗ ಒಂದ ಕಡಿ ಅದಾವ. ಅಲ್ಲೇ ಹಾಕೀರಿ.”

“ಹೊಳಿ ನಿಮ್ಮಪ್ಪಂದೇನು?” ಚಕ್ಕಡಿಯ ಮೇಲಿದ್ದವ ಕೇಳಿದ.

“ನಮ್ಮಪ್ಪಂದಲ್ಲ. ಇವುಗಳ ಅಪ್ಪಂದು. ಅವನನ್ನೂ ಕೊಂದು ಗೋಣಿಯಾಗ ಸುತ್ತೀದಿ.” ತತ್ತಿಯನ್ನು ಅಂಗೈಯಲ್ಲಿ ಹಿಡಿದು ಜನರ ಮುಖದ ಮುಂದೆ ತಿರುಗಿಸಿದಳು. “ನೋಡ್ರಿ, ಮುಂದಿನ ವರ್ಷದ್ದು. ಯಾರಿಗೆ ಬೇಕು, ತೂಗಿಸ್ಕೋರಿ.”

ಯಾರೂ ಮುಂದೆ ಬರಲಿಲ್ಲ. ಆಗ ಅವಳು ಅದನ್ನು ಕೇಳಿದಳು: “ದಾರಿ ಯಾರು ತೋರಸಿದ್ರು?”

“ಯಾರ್ಯಾಕ ತೋರಸಬೇಕು? ಪೇಪರ್‌ನ್ಯಾಗ ಬಂದಿತ್ತಲ್ಲ. ಬಂಡಿ ಸುದ್ದಾ ಎಲ್ಲಿ ಹೊಳ್ಳಬೇಕಂತ ಬರದಿದ್ರು,” ಎಂದ ಅವನು, ಸ್ವಲ್ಪ ಹೆಮ್ಮೆಯಿಂದಲೇ.

ಆಯಿ ನನ್ನ ಕಡೆ ತಿರುಗಿದಳು. ಬೈಯಲಿಲ್ಲ. ಎಷ್ಟು ಹೊತ್ತು ನೋಡಿದಳೋ… ನಾನು ನೆಲ ನೋಡುತ್ತಿದ್ದೆ. ಆಮೇಲೆ ಹೋಗಿ, ಎತ್ತು ಬಿಚ್ಚಿ ನೆಲಕ್ಕೆ ಇಳಿಸಿದ್ದ ಚಕ್ಕಡಿಯ ನೊಗದ ಮೇಲೆ, ಎತ್ತು ಹೂಡಿ ಬೇರೆ ಸಂತೆಗೆ ಒಯ್ಯಲಾಗದ ಹಾಗೆ, ಕೂತಳು. ಆಳುಗಳು ಏಳು ಎಂದರು, ಗದರಿಸಿದರು, ಪೊಲೀಸನನ್ನು ಕರೆತಂದರು. ಪೊಲೀಸ್ ಪೇದೆ ಈ ಭಾಗದವನೇ. “ಆಯಿ, ಏಳವ್ವ, ನನ್ನ ನೌಕರಿ ತಿಂತೀದಿ,” ಎಂದ. “ಕುಂತೀನಿ ಅಷ್ಟ. ಕುಂದ್ರಾಕೂ ಖಾನೂನು ಅದ ಏನು?” ಎಂದಳು. ಪೇದೆ ಅವಳ ಪಕ್ಕದ ನೆರಳಿನಲ್ಲಿ ತಾನೂ ಕೂತ. ಚೈತ್ರದ ಬಿಸಿಲು. ಸಂಜೆಯ ಹೊತ್ತಿಗೆ ಗೋಣಿಯ ಒಳಗಿನಿಂದ ನಾತ ಎದ್ದಿತು. ಒಂದು ಮೀನೂ ಮಾರಾಟವಾಗಲಿಲ್ಲ. ಆಗ ಅವಳು ಎದ್ದಳು.

ನಾನು ಹತ್ತಿರ ಹೋದೆ.

“ಬಂದ್ಯಾ ಪೇಪರ್ ಮಾಸ್ತರ,” ಎಂದಳು. “ಅವರು ಇನ್ನೊಮ್ಮಿ ಬರ್ತಾರ. ಇನ್ನೂ ಅರ್ಧ ಮೀನು ಅಲ್ಲೇ ಜೀವಂತ ಅದಾವ. ಮಡುವು ಖಾಲಿ ಆಗ್ಯದ, ಒಂದೂ ಉಳಿದಿಲ್ಲಂತ ಬರಿ.”

ಸುಳ್ಳು ಬರೆಯಲಾಗುವುದಿಲ್ಲ ಎಂದೆ.

“ಬಾಗಿಲಾ ತೆಗಿಯಾಕ ಬರ್ತದ, ಹಾಕಾಕ ಬರಂಗಿಲ್ಲ. ಹೌದಿಲ್ಲೋ? ಬಿಡು, ನಾವ ಹಾಕ್ತೀವಿ.”

ಮದ್ದು ಸಿಡಿದಾಗ ಸತ್ತ ಮೀನಿನಲ್ಲಿ ಅರ್ಧ ತೇಲುತ್ತದೆ, ಅರ್ಧ ಮುಳುಗುತ್ತದೆ. ಮುಳುಗಿದ್ದನ್ನು ನೀರಿಗೆ ಹಾರಿ ತೆಗೆಯಬೇಕು. ಹಾರಲಾಗದ ಮಡುವಿಗೆ ಮದ್ದು ಹಾಕಿ ಲಾಭವಿಲ್ಲ. ಅವಳು ಹಿಡಿದದ್ದು ಈ ಎಳೆಯನ್ನು. ಮರುದಿನದಿಂದ ದಂಡೆಯ ಜನ ಜಾಲಿ ಕಡಿಯತೊಡಗಿದರು. ಮುಳ್ಳಿನ ಟೊಂಗೆಗಳನ್ನು ಹೊರೆ ಕಟ್ಟಿ, ಕಲ್ಲು ಬಿಗಿದು, ಮಡುವಿಗೆ ಇಳಿಬಿಟ್ಟರು. ನಾನು ಹೋದಾಗ ಮೈದುನನಿಗೂ ಅವಳಿಗೂ ಮಾತು ಹತ್ತಿತ್ತು.

“ವೈನಿ, ಮುಳ್ಳು ಹಾಕಿದ್ರ ನಮ್ಮ ಬಲಿನೂ ಹರೀತಾವ. ಮಳಿ ಆದಮ್ಯಾಲ ನಾವೇನು ಹಿಡೀಬೇಕು?”

“ಹರೀಲಿ. ಹರದ ಬಲಿ ಹೆಣಿಯಾಕ ಬರ್ತದ. ಮೀನು ಹೆಣಿಯಾಕ ಬರ್ತದೇನು ನಿನಗ?”

ಅವನು ಹೊರೆ ಎತ್ತಿದ. ಆ ಊರುಗಳ ಅತಿ ಒಳ್ಳೆಯ ಮೀನಿನ ಜಾಗ ಅದು. ಅದನ್ನು ಬೇರೆಯವರಿಂದ ಕಾಯಲು ತಮಗೇ ಮುಚ್ಚಿಕೊಂಡರು. ಆಯಿ ನನ್ನ ಕೈಗೂ ಒಂದು ಟೊಂಗೆ ಕೊಟ್ಟಳು. ಎಲ್ಲಿ ಹಿಡಿಯಬೇಕೆಂದು ಹೇಳಲಿಲ್ಲ.

ಆ ವಾರ ನಾನು ಎರಡನೆಯ ಸುದ್ದಿ ಕಳಿಸಿದೆ. ಮದ್ದು, ಸಂತೆ, ಕೊಳೆತ ಮೀನು, ಎಲ್ಲ ಇತ್ತು. ಮಡುವಿನ ಜಾಗ ಇರಲಿಲ್ಲ. ಹಸ್ತಪ್ರತಿ ವಾಪಸ್ ಬಂತು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಎಲ್ಲಿ?’ ಎಂದಿತ್ತು. ‘ಗೊತ್ತಿದೆ, ಬರೆಯುವುದಿಲ್ಲ’ ಎಂದು ಕೆಳಗೆ ಬರೆದು ತಿರುಗಿ ಕಳಿಸಿದೆ. ಒಳಪುಟದಲ್ಲಿ ಸಣ್ಣದಾಗಿ ಅಚ್ಚಾಯಿತು.

ಗುತ್ತೇದಾರನ ಆಳುಗಳು ಮತ್ತೆ ಬಂದರು. ಮುಳ್ಳು ನೋಡಿ ಹೋದರು. ಸರ್ಕಾರದ ನೀರಿಗೆ ಅಡ್ಡಿ ಮಾಡಿದ್ದಾರೆ ಎಂದು ಗುತ್ತೇದಾರ ದೂರು ಕೊಟ್ಟ. ಆಯಿಗೆ ಕಚೇರಿಯಿಂದ ಕರೆ ಬಂತು. ಸಾಬೀತಾದರೆ ಮುಳ್ಳನ್ನೆಲ್ಲ ತೆಗೆಸುವ ಹುಕುಂ ಆಗುತ್ತಿತ್ತು. ಮಳೆಗೆ ಇನ್ನೂ ಒಂದು ತಿಂಗಳಿತ್ತು.

ವಿಚಾರಣೆಗೆ ಕೂತ ಅಧಿಕಾರಿ ಬೇರೆ ಪ್ರಾಂತದಿಂದ ಬಂದವರು. ಕನ್ನಡ ಬಾರದು. ಹಳೆಯ ಗುಮಾಸ್ತರೊಬ್ಬರು ಅವರಿಗೆ ಹಿಂದೂಸ್ತಾನಿಯಲ್ಲಿ ಹೇಳುತ್ತಿದ್ದರು. ನಾನು ಬಾಗಿಲ ಬಳಿ ನಿಂತು ಬರೆದುಕೊಂಡ ಟಿಪ್ಪಣಿ ಇನ್ನೂ ನನ್ನ ಹತ್ತಿರ ಇದೆ.

“ಮುಳ್ಳು ಹಾಕಾಕ ಯಾರ ಹುಕುಂ ಅದ?” ಗುಮಾಸ್ತರು ಕೇಳಿದರು.

“ಮದ್ದು ಹಾಕಾಕ ಯಾರದು ಅದ? ಆ ಕಾಗದ ಮೊದಲ ತೋರಸ್ರಿ. ಅದರ ಬಾಜೂಕ ನಂದು ಇಡ್ತೀನಿ.”

“ಬ್ಯಾಸಿಗ್ಯಾಗ ಮಡುವಿನ ಮೀನು ಹಿಡೀಬಾರದನ್ನೂದು ಜಹಗೀರದಾರಂದು ಕಾಯ್ದಾ, ಅವ ಹೋದ ಮ್ಯಾಲ ಕಾಯ್ದಾನೂ ಹೋಯ್ತು ಅಂತಾರ ಗುತ್ತೇದಾರರು.”

“ಅವನ ಮುತ್ಯಾನ ಮುತ್ಯಾ ಹುಟ್ಟೂ ಮೊದಲಿಂದು ಅದು. ಜಹಗೀರದಾರ ಹೋದ. ನಿಜಾಮ ಹೋದ. ನಾಳಿ ಬದಲಿ ಆಗಿ ಈ ಸಾಹೇಬ್ರೂ ಹೋಗ್ತಾರ. ಮೀನು ಎಲ್ಲಿ ಹೋಗಬೇಕು, ಕೇಳ್ರಿ.”

ಗುಮಾಸ್ತರು ಕೊನೆಯ ಮಾತುಗಳನ್ನು ಹಿಂದೂಸ್ತಾನಿಗೆ ತಾರದೆ ನುಂಗಿದರು. ಅಧಿಕಾರಿ ಬಿಡಲಿಲ್ಲ, ಏನಂದಳು ಎಂದು ಎರಡು ಸಲ ಕೇಳಿದರು. ಹೇಳಿದಾಗ ಲೇಖನಿ ಕೆಳಗಿಟ್ಟರು. ಹೊಳೆಗೆ ಹೊಸ ನೀರು ಯಾವಾಗ ಬರುತ್ತದೆ ಎಂದು ಕೇಳಿಸಿದರು.

“ಮಿರಗಾ ಹೊಕ್ಕ ಮ್ಯಾಲ,” ಎಂದಳು ಆಯಿ. ಮೃಗಶಿರಾ ಮಳೆ.

ಮುಂದಿನ ವಿಚಾರಣೆಯನ್ನು ಅವರು ಮೃಗಶಿರಾ ಮುಗಿದ ಮೇಲಿನ ಒಂದು ದಿನಕ್ಕೆ ಹಾಕಿದರು. ಆ ವರ್ಷ ಕೆಂಪು ನೀರು ಬಂದಾಗ ಮುಳ್ಳು ಮಡುವಿನಲ್ಲೇ ಇತ್ತು. ಅಷ್ಟರಲ್ಲಿ ಅಧಿಕಾರಿಗೆ ವರ್ಗವಾಯಿತು. ವಿಚಾರಣೆ ಮತ್ತೆ ನಡೆಯಲಿಲ್ಲ. ದಂಡೆಯವರು ನಾಲ್ಕು ವರ್ಷ ಆ ಮಡುವಿಗೆ ಬಲೆ ಹಾಕಲಿಲ್ಲ. ಅಷ್ಟೂ ವರ್ಷ ಅವರು ದೂರದ ಮಡುಗಳಿಗೆ ನಡೆದು ಹೋಗುತ್ತಿದ್ದರು, ಮೈದುನ ಕೆಲವು ತಿಂಗಳು ಕಲ್ಲಿನ ಕೂಲಿಗೂ ಹೋದ. ಇದಕ್ಕಾಗಿ ಮನೆಯಲ್ಲಿ ಅವಳು ಏನೆಲ್ಲ ಕೇಳಬೇಕಾಯಿತೋ ನನಗೆ ತಿಳಿಯದು.

ಆಯಿ ನನಗೆ ಮೀನು ಮಾರುವುದನ್ನು ನಿಲ್ಲಿಸಲಿಲ್ಲ. ಒಳ್ಳೆಯದನ್ನೇ ಆರಿಸಿ ಕೊಡುತ್ತಿದ್ದಳು. ಆದರೆ ಎಲ್ಲಿಯದು ಎಂದು ಕೇಳಿದರೆ, “ನೀರಿನ್ಯಾಗಿಂದು” ಎನ್ನುತ್ತಿದ್ದಳು. ಪಕ್ಕದವಳಿಗೆ, “ಇವನ ಮುಂದ ಹೊಳಿ ಹೆಸರೂ ಹೇಳಬ್ಯಾಡವ್ವ, ಬಂಡಿದಾರಿ ಬರದು ಬಿಡ್ತಾನ” ಎಂದು ನಗುತ್ತಿದ್ದಳು. ನಗೆ ನಿಜವಾದದ್ದೇ. ನಂಬಿಕೆ ಮಾತ್ರ ತಿರುಗಿ ಬರಲಿಲ್ಲ. ತಪ್ಪಾಯಿತು ಎಂದು ಹೇಳಬೇಕು ಎಂದುಕೊಳ್ಳುತ್ತಲೇ ಇದ್ದೆ. ಆಮೇಲೆ ನನಗೆ ಬೇರೆ ಊರಿನ ಕೆಲಸ ಬಂತು. ಅವಳು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಿಂಗಳಾದ ಮೇಲೆ. ತಪ್ಪಾಯಿತು ಎಂಬ ಮಾತು ಹೇಳದೆಯೇ ಉಳಿಯಿತು.

ಮುಂದೆ ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಸುದ್ದಿಮನೆಯಲ್ಲಿ ಕೂತು ಬೇರೆಯವರ ಹಸ್ತಪ್ರತಿಗಳ ಅಂಚಿನಲ್ಲಿ ‘ಎಲ್ಲಿ?’ ಎಂದು ಬರೆದಿದ್ದೇನೆ. ಈ ಮಡುವಿನ ಜಾಗವನ್ನು ಮಾತ್ರ ಇಲ್ಲಿಯೂ ಬರೆದಿಲ್ಲ.

ಸುರಪುರದ ಮಾರುಕಟ್ಟೆಯಿಂದ ಬಂದ ಮರುದಿನ ಆ ಮಡುವಿಗೆ ಹೋದೆ. ಹೊಳೆಯ ಮೇಲ್ಭಾಗದ ನಾರಾಯಣಪುರದಲ್ಲಿ ಅಣೆಕಟ್ಟು ಬಂದ ಮೇಲೆ ಹೊಳೆಗೆ ನೀರು ಬರುವುದು ಗೇಟು ತೆರೆದಾಗ. ಮಡುವಿನ ಅರ್ಧ ಭಾಗ ಹೂಳು ತುಂಬಿದೆ. ಉಸುಕಿನ ಟ್ರ್ಯಾಕ್ಟರುಗಳು ಉಳಿದ ಅರ್ಧದ ಅಂಚಿನವರೆಗೆ ದಾರಿ ಮಾಡಿಕೊಂಡಿವೆ. ಈ ಬೇಸಿಗೆಯಲ್ಲಿ ಊರಿನ ಹೆಂಗಸರು ಆ ದಾರಿಗೆ ಅಡ್ಡಲಾಗಿ ಆಳುದ್ದದ ತಗ್ಗು ತೋಡಿದರು. ಟ್ರ್ಯಾಕ್ಟರಿನವರು ಅದನ್ನು ಮೂರು ಸಲ ಮುಚ್ಚಿದ್ದಾರೆ. ಹೆಂಗಸರು ಮೂರು ಸಲ ಮತ್ತೆ ತೋಡಿದ್ದಾರೆ. ಹೆಂಗಸರ ಮೇಲೆ ದೂರು ದಾಖಲಾಗಿದೆ. ನಾನು ಹೋದ ದಿನ ತಗ್ಗು ತೆರೆದೇ ಇತ್ತು.