ಅವನ ಎಡ ಮೊಣಕಾಲು

ನಾನು ಕಬಡ್ಡಿ ಆಡಿದ್ದು ಹದಿನಾಲ್ಕು ವರ್ಷ. ಅದರ ಬಗ್ಗೆ ಮಾತಾಡಿ ಉಣ್ಣುತ್ತಿರುವುದು ಇದು ಮೂರನೆಯ ವರ್ಷ. ಆಡುವಾಗ ಬಾಯಿ ಬಿಡದವನೆಂದೇ ನನಗೆ ಹೆಸರಿತ್ತು. ಈಗ ತೆಲುಗು ನಾಡಿನ ಈ ಮಹಾನಗರದಲ್ಲಿ, ಮಾದಾಪುರ ಬಡಾವಣೆಯ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕುಳಿತು, ಎಲ್ಲೋ ದೂರದ ಊರಿನಲ್ಲಿ ನಡೆಯುವ ಪಂದ್ಯವನ್ನು ಪರದೆಯ ಮೇಲೆ ನೋಡುತ್ತ ಕನ್ನಡದಲ್ಲಿ ಕಾಮೆಂಟರಿ ಹೇಳುತ್ತೇನೆ. ಮಣಿಕೊಂಡದಲ್ಲಿ ನಮ್ಮ ಪಕ್ಕದ ಮನೆಯವರು ನಾನು ಮೈದಾನದಲ್ಲೇ ಇರುತ್ತೇನೆಂದು ತಿಳಿದಿದ್ದಾರೆ. ನಾನೂ ಅವರನ್ನು ತಿದ್ದಲು ಹೋಗಿಲ್ಲ.

ಅಂಕಣದಲ್ಲಿ ನನ್ನ ಜಾಗ ಎಡ ಮೂಲೆಯವನ ಪಕ್ಕದ್ದು. ಎಡ ಮೂಲೆಯಲ್ಲಿ ನಿಲ್ಲುತ್ತಿದ್ದವನು ನನಗಿಂತ ಐದು ವರ್ಷ ಚಿಕ್ಕವನು. ನಮ್ಮಿಬ್ಬರ ಅಪ್ಪಂದಿರೂ ವಿಜಯಪುರದ ಕಡೆಯಿಂದ ಬಂದು ಇಲ್ಲಿಯ ಒಂದು ಸರಕಾರಿ ಕಾರ್ಖಾನೆ ಸೇರಿದವರು. ಕ್ವಾರ್ಟರ್ಸಿನ ಒಂದೇ ಸಾಲಿನಲ್ಲಿ ಬೆಳೆದೆವು, ಮುಂದೆ ಒಂದೇ ತಂಡಕ್ಕೆ ಆಡಿದೆವು. ಎದುರಿನ ರೇಡರ್ ದಾಳಿಗೆ ಬಂದಾಗ ಪಕ್ಕಪಕ್ಕದ ಇಬ್ಬರು ಕೈ ಹಿಡಿದು ನಿಲ್ಲುವುದು ಕಬಡ್ಡಿಯ ಪದ್ಧತಿ. ಮಾತಾಡಿದರೆ ರೇಡರ್‌ಗೆ ಕೇಳುತ್ತದೆ. ಹಾಗಾಗಿ ನಾವು ಕೈಯಲ್ಲೇ ಮಾತಾಡುತ್ತಿದ್ದೆವು. ಒಮ್ಮೆ ಒತ್ತಿದರೆ ನುಗ್ಗು, ಎರಡು ಸಲ ಒತ್ತಿದರೆ ತಡಿ. ನಾನು ಮುಂಗೋಪಿ, ಅವಸರದವನು. ಎರಡು ಸಲ ಒತ್ತುವ ಕೆಲಸ ಹೆಚ್ಚಾಗಿ ಅವನದೇ ಆಗಿರುತ್ತಿತ್ತು.

ನನ್ನ ಕೊನೆಯ ಸೀಸನ್ನಿನಲ್ಲಿ ಅವನ ಎಡ ಮೊಣಕಾಲು ಕೆಟ್ಟಿತು. ಕೋಚ್‌ಗೆ ಹೇಳಲಿಲ್ಲ, ಮನೆಯಲ್ಲಿ ಹೇಳಲಿಲ್ಲ. ನನಗೂ ಹೇಳಿರಲಿಲ್ಲ, ನನ್ನ ಕೈಗೆ ಗೊತ್ತಾಯಿತು. ಜಿಗಿಯುವ ಮುನ್ನ ಅವನು ಮೈಭಾರವನ್ನು ಬಲಗಾಲಿಗೆ ದಾಟಿಸುತ್ತಿದ್ದ, ಆಗ ಅವನ ತೋಳು ಚೂರೇ ಚೂರು ನನ್ನ ಮೇಲೆ ಒರಗುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ.

“ಯಾರ ಮುಂದೂ ಅನ್ನಬ್ಯಾಡ ಅಣ್ಣಾ,” ಅಂದ. “ಇನ್ನ ಮೂರ್ನಾಕು ವರ್ಷ ಹೆಂಗರ ತಳ್ಳತೀನಿ.”

“ನಾ ಯಾರ ಮುಂದ ಹೇಳಲೋ, ಹುಚ್ಚಾ,” ಅಂದೆ.

ಆ ಮಾತು ಎರಡು ವರ್ಷ ನಿಂತಿತು. ಕಳೆದ ವರ್ಷ ನಮ್ಮ ಪ್ರಸಾರದ ಡೈರೆಕ್ಟರ್ ನನ್ನನ್ನು ಕರೆದು, “ಸರ್, ಸ್ಕೋರು ಎಲ್ಲರಿಗೂ ಕಾಣಿಸುತ್ತೆ. ಆಡಿದವರಿಗೆ ಮಾತ್ರ ಕಾಣಿಸೋದನ್ನ ಹೇಳಿ,” ಅಂದರು. ಮರ್ಯಾದೆಯಿಂದಲೇ ಹೇಳಿದರು, ಆದರೆ ನನಗೆ ಉರಿಯಿತು. ತೋರಿಸುತ್ತೇನೆ ಇವರಿಗೆ, ಅಂದುಕೊಂಡೆ. ಅಂದಿನ ಪಂದ್ಯ ಅವನ ತಂಡದ್ದು.

ಎರಡನೇ ಅವಧಿಯಲ್ಲಿ ಅವನ ಒಂದು ಹಿಡಿತ ತಪ್ಪಿತು. ಯಾಕೆ ತಪ್ಪಿತೆಂದು ಗೊತ್ತಿದ್ದವನು ನಾನೊಬ್ಬನೇ. ನನಗೆ ಗೊತ್ತಿದೆ ಎನ್ನುವ ಜಂಬವೇ ನನ್ನನ್ನು ಕೆಡಿಸಿತು. “ಎಡ ಮೊಣಕಾಲು ನೋಡಿ ವೀಕ್ಷಕರೇ,” ಎಂದು ಶುರುಮಾಡಿದೆ. “ಜಿಗಿಯೋ ಮುಂಚೆ ಭಾರ ಬಲಗಾಲಿಗೆ ಹೋಯಿತು, ಗಮನಿಸಿದಿರಾ? ಆ ಅರೆಕ್ಷಣದಲ್ಲಿ ಎಡಗಾಲು ಅಲ್ಲೇ ಸಿಕ್ಕಿಬಿದ್ದಿರುತ್ತೆ. ಜಾಣ ರೇಡರ್ ಅದನ್ನೇ ಮುಟ್ಟಿ ಬರುತ್ತಾನೆ.” ಕಿವಿಯೊಳಗೆ ಡೈರೆಕ್ಟರ್ ಖುಷಿಯಲ್ಲಿ ತಮ್ಮ ತೆಲುಗಿಗೆ ಜಾರಿದರು: “ಸೂಪರ್ ಸರ್, ಇಂಕಾ ಚೆಪ್ಪಂಡಿ!” ಇನ್ನೂ ಹೇಳಿ ಅಂದರು, ನಾನು ಇನ್ನೂ ಹೇಳಿದೆ. ಅದೇ ದೃಶ್ಯವನ್ನು ಮೂರು ಸಲ ನಿಧಾನಗತಿಯಲ್ಲಿ ತೋರಿಸಿದರು. ಮೊಣಕಾಲಿನ ಸುತ್ತ ಕೆಂಪು ಗೆರೆಯನ್ನೂ ಎಳೆದರು. ಪಂದ್ಯ ಮುಗಿದ ಮೇಲೆ ಎಲ್ಲರೂ ಬೆನ್ನು ತಟ್ಟಿದರು, ನನಗೆ ಹಿತವಾಗಿತ್ತು. ಹಿತವಾಗಿತ್ತು ಎಂಬುದನ್ನೂ ಬರೆಯಲೇಬೇಕು.

ಮುಂದಿನ ಪಂದ್ಯದಲ್ಲಿ ಎದುರಿನವರು ದಾಳಿಗೆ ಬಂದಾಗಲೆಲ್ಲ ಅವನ ಎಡಗಾಲಿನ ಕಡೆಗೇ ಬಂದರು. ಅವನು ಐದು ಸಲ ಔಟಾದ. ಬೇರೆ ಊರಿನ ಕೋಚುಗಳು ಕನ್ನಡ ಕಾಮೆಂಟರಿ ಎಲ್ಲಿ ಕೇಳುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಅವರು ಕೇಳಬೇಕಾಗಿಯೇ ಇರಲಿಲ್ಲ; ಕೆಂಪು ಗೆರೆಯ ಆ ತುಣುಕು ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಅದರ ಮುಂದಿನ ಪಂದ್ಯಕ್ಕೆ ಅವನನ್ನು ಹೊರಗೆ ಕೂರಿಸಿದರು. ಸೀಸನ್ ಮುಗಿಯುವ ಮೊದಲೇ ಮನೆಗೆ ಕಳಿಸಿದರು.

ಒಂದು ಭಾನುವಾರ ಸೀತಾಫಲದ ಚೀಲ ಹಿಡಿದು ಅವನ ಮನೆಗೆ ಹೋದೆ. ಅವನ ತಾಯಿ ಚಹಾ ತಂದುಕೊಟ್ಟು ಎದುರಿಗೇ ಕುಳಿತರು. “ನಿನ್ನ ಮಾತು ಕೇಳಾಕಂತನ ಟಿವಿ ಹಚ್ಚತೀನಿ ನೋಡಪಾ. ಭಾಳ ಚಂದ ಹೇಳ್ತಿ,” ಅಂದರು. ತಲೆ ತಗ್ಗಿಸಿ ಚಹಾ ಕುಡಿದೆ. ಅವನು ದಿವಾನದ ಮೇಲೆ ಕಾಲು ಚಾಚಿ, ಮೊಣಕಾಲಿಗೆ ಐಸಿನ ಚೀಲ ಇಟ್ಟುಕೊಂಡು ಕುಳಿತಿದ್ದ. ಈಗ ಮುಚ್ಚಿಡಲು ಏನೂ ಇರಲಿಲ್ಲವಲ್ಲ.

ತಾಯಿ ಒಳಗೆ ಹೋದ ಮೇಲೆ, “ತಪ್ಪಾತು,” ಅಂದೆ.

“ನೀ ಸುಳ್ಳೇನ್ ಹೇಳಿಲ್ಲ ಅಣ್ಣಾ,” ಅಂದ. “ಖರೇನ ಹೇಳಿದಿ. ಆದ್ರ ಅದು ನಾ ಹೇಳಬೇಕಾಗಿತ್ತು, ನೀ ಅಲ್ಲ.” ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

ಈ ವರ್ಷ ಡೈರೆಕ್ಟರ್ ಒಂದು ಸಂಜೆಯ ಮಟ್ಟಿಗೆ ಅವನನ್ನು ಅತಿಥಿಯಾಗಿ ಕರೆಸುವ ಯೋಚನೆ ಮಾಡಿದರು. “ನಿಮ್ಮ ಜೋಡಿ ಅಲ್ವಾ, ನೀವೇ ಫೋನ್ ಮಾಡಿ,” ಅಂದರು. ನನಗೆ ಧೈರ್ಯವಾಗಲಿಲ್ಲ, ಅವರೇ ಮಾಡಿದರು. ಅವನು ಬರಲಾರ ಎಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸ್ವಲ್ಪ ಕುಂಟುತ್ತ ಬಂದ. ಅವನನ್ನು ನನ್ನ ಎಡಕ್ಕೆ ಕೂರಿಸಿದರು. ಅಂಕಣದಲ್ಲಿ ಅವನು ನಿಲ್ಲುತ್ತಿದ್ದದ್ದೂ ಆ ಕಡೆಗೇ.

ಅವನ ಮಾತು ಚೆನ್ನಾಗಿಯೇ ಇತ್ತು, ಸಾವಕಾಶವಾಗಿ, ಯಾರನ್ನೂ ನೋಯಿಸದೆ ಹೇಳಿದ. ಹದಿನೈದು ನಿಮಿಷ ಕಳೆದಿರಬೇಕು. ಪರದೆಯ ಮೇಲೆ, ಈ ವರ್ಷವಷ್ಟೇ ತಂಡ ಸೇರಿದ್ದ ಎಡ ಮೂಲೆಯ ಆಟಗಾರನೊಬ್ಬ ಕೆಳಗೆ ಬಿದ್ದು ಎದ್ದ. ಏಳುವಾಗ ಬಲಗೈಯನ್ನು ನೆಲಕ್ಕೆ ಊರಲಿಲ್ಲ. ಭುಜ ಕೆಟ್ಟಿದೆ, ಮುಚ್ಚಿಡುತ್ತಿದ್ದಾನೆ. ನನಗೆ ಕಂಡಿತು, ಪಕ್ಕದವನಿಗೂ ಕಂಡಿತು. ಕಿವಿಯಲ್ಲಿ ಡೈರೆಕ್ಟರ್ ದನಿ ಬಂತು: “ಆ ಹೊಸಬನ ಬಗ್ಗೆ ಏನಾದರೂ ಹೇಳಿ ಸರ್.”

“ಇವರ ಬಲ—” ಎಂದು ಬಾಯಿ ತೆರೆದೇಬಿಟ್ಟೆ.

ಮೇಜಿನ ಕೆಳಗೆ ಒಂದು ಕೈ ಬಂದು ನನ್ನ ಎಡಗೈ ಹಿಡಿಯಿತು. ಎರಡು ಸಲ ಒತ್ತಿತು.

“ಇವರ ಬಲ ನೋಡಿ ವೀಕ್ಷಕರೇ, ಬಿದ್ದರೂ ತಕ್ಷಣ ಎದ್ದರು,” ಎಂದು ಹೇಗೋ ಮುಗಿಸಿ, ಎಲ್ಲರಿಗೂ ಕಾಣುತ್ತಿದ್ದ ಸ್ಕೋರನ್ನು ಓದಿದೆ. ಅವನು ಕೈ ಬಿಟ್ಟು ನೀರಿನ ಬಾಟಲಿ ತೆಗೆದುಕೊಂಡ. ನನ್ನ ಕಡೆ ತಿರುಗಿ ನೋಡಲಿಲ್ಲ. ಅವನ ಮನೆಯಲ್ಲಿ ಕುಳಿತು ಚಹಾ ಕುಡಿದು, ತಪ್ಪಾಯಿತೆಂದು ಹೇಳಿ ಬಂದವನು ನಾನು. ಅವನು ಕೈ ಹಿಡಿಯದಿದ್ದರೆ ಅಂದು ಮತ್ತೆ ಹೇಳಿಬಿಡುತ್ತಿದ್ದೆ.