ಮೋಟಾರಿನ ಶ್ರುತಿ

ದೊಡ್ಡಗಾಜನೂರಿನ ನಮ್ಮ ಹೊಲದ ಮೋಟಾರು ಶೆಡ್ಡಿನಲ್ಲಿ ನಾವು ಮೂವರು ರಾಕ್ ಬಾರಿಸುತ್ತಿದ್ದೆವು ಎಂದರೆ ಈಗ ಯಾರೂ ನಂಬುವುದಿಲ್ಲ. ಆಗ ಕಣ್ಣಾರೆ ಕಂಡವರು ಬೈಯುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು. ತಾಳವಾಡಿಯ ಅಂಗಡಿಗಳಲ್ಲೆಲ್ಲ ಸಿಡಿಯಲ್ಲಿ ಹೊಸ ತಮಿಳು ಹಾಡು. ನಮ್ಮದು ಮಾತ್ರ ನಾವು ಹುಟ್ಟುವ ಹೊತ್ತಿಗೇ ಹಳತಾಗಿದ್ದ ಸಂಗೀತ. ಅದನ್ನು ಬೆಟ್ಟ ಹತ್ತಿಸಿ ತಂದವರು ನನ್ನ ಅಕ್ಕನ ಗಂಡ. ಕೊಯಮತ್ತೂರಿನ ಲೇತ್ ಕಾರ್ಖಾನೆಯಲ್ಲಿದ್ದಾಗ ರೂಮಿನ ಜೊತೆಗಾರನೊಬ್ಬನಿಂದ ಅವರಿಗೆ ಒಂದಷ್ಟು ಹಳೆಯ ಕ್ಯಾಸೆಟ್ಟುಗಳೂ ಒಂದು ಎಲೆಕ್ಟ್ರಿಕ್ ಗಿಟಾರೂ ದಕ್ಕಿದ್ದವು. ಗಿಟಾರು, ಹಾಡು ಭಾವನದು, ಬೇಸ್ ನನ್ನದು. ಡ್ರಮ್ಮಿಗೆ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ನನ್ನ ಓರಗೆಯ ಗೆಳೆಯ. ಅವನ ಕೈ ಹಬ್ಬಕ್ಕೂ ಸಾವಿಗೂ ತಮಟೆ ಬಡಿದು ಪಳಗಿತ್ತು.

ಹಾಡಿನ ಕಟ್ಟು ಸುಲಭ. ಒಂದು ಸಾಲು ಹಾಡುವುದು, ಅದನ್ನೇ ಇನ್ನೊಮ್ಮೆ ಹಾಡುವುದು, ಮೂರನೆಯ ಸಾಲಿನಲ್ಲಿ ನೋವು ಏನೆಂದು ಹೇಳಿಬಿಡುವುದು. ಪ್ರತಿ ಸಾಲಿನ ಕೊನೆಗೂ ಗಿಟಾರು ಒಳಗಿಂದ ಓಗೊಟ್ಟಂತೆ ನರಳಬೇಕು. ಇಷ್ಟನ್ನೇ ನಿಧಾನಕ್ಕೆ, ಭಾರವಾಗಿ, ಗೋಡೆ ಅದುರುವಂತೆ ಬಾರಿಸಬೇಕು. ಮಾತುಗಳನ್ನು ಭಾವ ಕನ್ನಡದಲ್ಲೇ ಕಟ್ಟಿದ್ದರು: ತಪ್ಪಿಹೋದ ಸತ್ಯಮಂಗಲದ ಬಸ್ಸು, ಮಂಜಿಗೆ ಕೊಳೆತ ಆಲೂಗಡ್ಡೆ.

"ಇದ ಜೀರಳ್ಳಿ ಕಾಡ್ ಕಡೆ ಓಗಿ ಬಾರ್ಸ್ರಲಾ," ಎನ್ನುತ್ತಿದ್ದರು ಪಕ್ಕದ ಹೊಲದ ಹಿರಿಯರು. "ಆನ ಇತ್ತಗೆ ತಿರುಗಿ ನೋಡಕಿಲ್ಲ."

"ಅದೇ ಬಂದು ತಲ ತೂಗ್ಬುಟ್ರೆ ಏನ್ ಮಾಡದು ಬುದ್ದಿ?" ಎನ್ನುತ್ತಿದ್ದ ಗೆಳೆಯ.

ಹೊಲದ ಲೈನಿಗೆ ಮೂರು ಫೇಸ್ ಕರೆಂಟು ಬಂದಾಗ ಮಾತ್ರ ನಮ್ಮ ಆಂಪ್ಲಿಫೈಯರಿಗೆ ಜೀವ ಬರುತ್ತಿತ್ತು. ಆದರೆ ಆ ಕರೆಂಟು ಇರುವಷ್ಟು ಹೊತ್ತಿನಲ್ಲೇ ಅರಿಶಿನಕ್ಕೆ ನೀರೂ ಹಾಯಬೇಕು. ಹಾಗಾಗಿ ಮೋಟಾರು ಓಡುತ್ತಿರುವಾಗಲೇ ನಮ್ಮ ಅಭ್ಯಾಸ. ಶ್ರುತಿಪೆಟ್ಟಿಗೆ ಇರಲಿಲ್ಲ, ಮೋಟಾರಿನ ಗುಂಯ್ ಸದ್ದಿಗೇ ತಂತಿ ಬಿಗಿದುಕೊಳ್ಳುವುದು ರೂಢಿಯಾಯಿತು. ಭಾವ ಕಣ್ಣು ಮುಚ್ಚಿ, ಗೋಡೆಗೆ ಒರಗಿದ ಹಾಗೆ ಆ ಸದ್ದಿಗೆ ಒರಗಿಕೊಂಡು ಹಾಡುತ್ತಿದ್ದರು.

ಒಂದು ಮಳೆಗಾಲ ಅವರ ಗಂಟಲು ಕಟ್ಟಿತು, ಬಿಡಲೇ ಇಲ್ಲ. ಹಾಡಿ ಹಾಡಿ ಒಡೆದಿದೆ ಅಂದುಕೊಂಡೆವು. ಆ ಒಡಕು ದನಿ ಹಾಡಿಗೆ ಚೆನ್ನಾಗಿಯೇ ಹೊಂದುತ್ತಿತ್ತು. ಮೈಸೂರಿನ ಡಾಕ್ಟರು ಗಡ್ಡೆ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತಿಲ್ಲ ಎಂದರು.

ಆಸ್ಪತ್ರೆಗೆ ಹೊರಡುವ ಮುನ್ನಾದಿನ ಅಕ್ಕ ಮನೆಯ ಟೇಪ್ ರೆಕಾರ್ಡರನ್ನು ಎತ್ತಿಕೊಂಡು ಶೆಡ್ಡಿಗೆ ಬಂದಳು. ಅದುವರೆಗೆ ಅವಳು ನಮ್ಮ ಹಾಡು ಕೇಳಲೆಂದು ಬಂದವಳೇ ಅಲ್ಲ.

"ಮೋಟ್ರು ನಿಲ್ಸ್ಲಾ," ಎಂದಳು ನನಗೆ. "ಅದರ ಸದ್ದ ದಿನಾ ಕೇಳ್ತೀನಿ. ನಂಗೆ ಇವರ ಗಂಟ್ಲು ಬೇಕು."

ನಿಲ್ಲಿಸಿದೆ. ಅಕ್ಕ ಟೇಪಿನ ಗುಂಡಿ ಒತ್ತಿದಳು. ಭಾವ ಮೊದಲ ಸಾಲು ಎತ್ತಿಕೊಂಡರು. ದನಿ ಶ್ರುತಿಯ ಕೆಳಗೆಲ್ಲೋ ಇಳಿಯಿತು. ಮತ್ತೆ ಎತ್ತಿಕೊಂಡರು, ಮೇಲೆ ಹೋಯಿತು.

"ಆಗಕಿಲ್ಲ ಕಣಮ್ಮಿ," ಎಂದರು. "ಇಡ್ಕಳಕೆ ಏನೂ ಸಿಗ್ತಿಲ್ಲ. ಮೋಟ್ರು ಆಕ್ಲಾ, ಆಮೇಲೆ ಕರೆಂಟು ಓಗ್ಬುಡ್ತದೆ."

"ನಿಮ್ ದನಿ ಅದರೊಳಗೆ ಮುಳ್ಗೋಯ್ತದೆ," ಎಂದಳು ಅಕ್ಕ.

"ಮುಳುಗ್ಲಿ ಬುಡು. ಆಡು ಸರಿಯಾಗಿರ್ಲಿ."

ಮೋಟಾರು ಹಾಕಿದೆ. ಭಾವ ಹಾಡಿದರು. ಅಷ್ಟು ಚೆನ್ನಾಗಿ ಅವರು ಹಾಡಿದ್ದನ್ನು ನಾನು ಇನ್ಯಾವ ದಿನವೂ ಕೇಳಿಲ್ಲ. ಮುಗಿದಾಗ ಗೆಳೆಯ ಕೋಲು ಕೆಳಗಿಟ್ಟು ಮುಖ ಒರೆಸಿಕೊಂಡ. "ಬೆವ್ರು ಕಣ್ಲಾ," ಎಂದ, ನಾನು ಏನೂ ಕೇಳದಿದ್ದರೂ.

ಭಾವ ಬದುಕಿ ಬಂದರು, ಕತ್ತಿನಲ್ಲೊಂದು ತೂತು ಹೊತ್ತು. ಗಾಯ ಮಾಗಿದ ಮೇಲೆ ಟೇಪು ಹಾಕಿ ಎಲ್ಲರೂ ಕೂತೆವು. ಬರೀ ಮೋಟಾರು. ಡ್ರಮ್ಮು ಗುಡ್ಡದಾಚೆಯ ತಮಟೆಯಂತಿತ್ತು. ಹಾಡು ಎಲ್ಲೋ ಯಾರೋ ಯಾರನ್ನೋ ಕರೆದಂತೆ. ಭಾವನಿಗೆ ಮಾತ್ರ ಎಲ್ಲವೂ ಕೇಳುತ್ತಿತ್ತು. ತೊಡೆಯ ಮೇಲೆ ತಾಳ ಹಾಕುತ್ತ, ತಮ್ಮ ದನಿ ಬಂದ ಕಡೆಯಲ್ಲೆಲ್ಲ ಬೆರಳೆತ್ತಿ ಅಕ್ಕನಿಗೆ ತೋರಿಸಿದರು.

"ಎಲ್ಲಿ?" ಎಂದಳು ಅಕ್ಕ. "ನಂಗೆ ಕೇಳ್ತಿಲ್ಲ."

ಟೇಪನ್ನು ಮೊದಲಿಗೆ ತಿರುಗಿಸಿದಳು. ಅಲ್ಲಿ ಮೋಟಾರಿಲ್ಲ. ಒಡೆದುಹೋದ ಎರಡು ಸಾಲು, ಆಮೇಲೆ ಉಸಿರಿನ ಸಮೇತ ಸ್ಪಷ್ಟವಾಗಿ: "ಆಗಕಿಲ್ಲ ಕಣಮ್ಮಿ." ಅಕ್ಕ ಇನ್ನೊಮ್ಮೆ ತಿರುಗಿಸಿದಳು. ಭಾವ ಕೈಯಾಡಿಸಿದರು: ಅದಲ್ಲ, ಮುಂದಿನದು. ಅವಳು ಕೇಳಲಿಲ್ಲ, ಮತ್ತೊಮ್ಮೆ ತಿರುಗಿಸಿದಳು.

ಆಮೇಲೆ ದಿನಾ ಅದೇ ಆಯಿತು. ರಾಗಿ ಕೇರಲು ಕೂತರೂ ಪಕ್ಕದಲ್ಲಿ ಟೇಪು. ಆ ಎರಡು ಮಾತು ಮುಗಿದ ಕೂಡಲೇ ನಿಲ್ಲಿಸುತ್ತಿದ್ದಳು, ಹಾಡಿನ ತನಕ ಓಡಲು ಬಿಡುತ್ತಿರಲಿಲ್ಲ. ಅವಳು ಗುಂಡಿಗೆ ಕೈ ಹಾಕುತ್ತಲೇ ಭಾವ ಟವೆಲ್ಲನ್ನು ಕತ್ತಿಗೆ ಸುತ್ತಿಕೊಂಡು ಹೊರಟುಬಿಡುತ್ತಿದ್ದರು. ಜಗಲಿಯ ಮೇಲೆ ಕೂತ ನನಗೆ ಒಳಗಿನಿಂದ ಅವರ ಮಾತು ಕೇಳಿಸುತ್ತಿತ್ತು. ಎದುರಿಗೆ ಅವರ ಬೆನ್ನು ಅರಿಶಿನದ ಸಾಲುಗಳ ನಡುವೆ ಸಣ್ಣದಾಗುತ್ತ ಹೋಗುತ್ತಿತ್ತು.