ಕರ್ಣ ಅಳೆಯದ ಗದ್ದೆ

ಮದ್ದೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟೆ. ಪಠ್ಯದಲ್ಲಿ ಇಲ್ಲದಿದ್ದರೂ ಹಳೆಯ ಗಣಿತಜ್ಞರನ್ನು ಪಾಠದೊಳಕ್ಕೆ ಎಳೆದು ತರುವ ಚಟ ನನಗೆ. ಅವರಲ್ಲೊಬ್ಬನ ಮೇಲೆ ವಿಶೇಷ ಪ್ರೀತಿ. ಸುಮಾರು ಒಂಬತ್ತು ಶತಮಾನದ ಹಿಂದಿನವನು, ಮುಂಗೋಪಿಯೇ ಇರಬೇಕು. ಚತುರ್ಭುಜದ ನಾಲ್ಕು ಬದಿ ಮಾತ್ರ ಹೇಳಿ, ಮೂಲೆಯಿಂದ ಎದುರು ಮೂಲೆಗಿನ ಕರ್ಣ ಹೇಳದೆ ವಿಸ್ತೀರ್ಣ ಕೇಳುವವನನ್ನು ಪಿಶಾಚಿ ಎಂದು ಬೈದಿದ್ದಾನೆ. ಬದಿಗಳು ಅಷ್ಟೇ ಇದ್ದರೂ ಆಕಾರ ವಾಲಿದಷ್ಟೂ ಒಳಗಿನ ಜಾಗ ಕುಗ್ಗುತ್ತದಲ್ಲ. ನಾಲ್ಕು ಕಬ್ಬಿನ ಜಲ್ಲೆ ಕಟ್ಟಿ, ವಾಲಿಸಿ ತೋರಿಸುತ್ತಿದ್ದೆ. ಪಿಶಾಚಿ ಎಂದಾಗ ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ ಹೊಳಲಿನ ಹತ್ತಿರದ ನಮ್ಮ ಗದ್ದೆಯನ್ನು ನನಗೂ ತಂಗಿಗೂ ಪಾಲು ಮಾಡಬೇಕಾಯಿತು. ಅವಳನ್ನು ಅದೇ ಊರಿಗೆ ಕೊಟ್ಟಿತ್ತು, ಬೇಸಾಯದಲ್ಲಿ ಗಟ್ಟಿಗಿತ್ತಿ. ಹಿರಿಯರು ಸರ್ವೆಯವರನ್ನು ಕರೆಸೋಣ ಎಂದರೆ ಅವಳು ಒಪ್ಪಲಿಲ್ಲ. "ನಮ್ಮಣ್ಣ ಲೆಕ್ಕದ ಮೇಷ್ಟ್ರು. ಅವನೇ ಅಳೀಲಿ ಬುಡಿ" ಎಂದಳು.

ನಾನು ಉಬ್ಬಿಹೋದೆ. ಊರಿನ ರೂಢಿಯಂತೆ ಹಗ್ಗ ಹಿಡಿದೆ. ಎದುರುಬದುರು ಬದುಗಳನ್ನು ಕೂಡಿ ಅರ್ಧ ಮಾಡುವುದು, ಆ ಎರಡು ಅರ್ಧಗಳನ್ನು ಗುಣಿಸುವುದು. ಹಳೆಯ ಗಣಿತಜ್ಞರು ಇದನ್ನು ಬರೀ ಅಂದಾಜು ಎಂದಿದ್ದರು, ಅದನ್ನೂ ನಾನೇ ಪಾಠ ಮಾಡಿದ್ದೆ. ಎರಡು ಪಾಲೂ ಸಮ ಬಂತು. ನೆಟ್ಟಗಿದ್ದದ್ದು ನನಗೆ, ನಾಲೆಯ ಕಡೆಗೆ ವಾಲಿದ್ದು ಅವಳಿಗೆ. ಕರ್ಣಕ್ಕೂ ಹಗ್ಗ ಹಿಡಿಯಬೇಕೆಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಹನ್ನೆರಡು ವರ್ಷ ಕಳೆಯಿತು. ನಿವೃತ್ತಿಯ ವರ್ಷ ತರಗತಿಯಲ್ಲಿ ಕೊನೆಯ ಸಲ ಜಲ್ಲೆಗಳನ್ನು ವಾಲಿಸುತ್ತಿದ್ದಾಗ ತಂಗಿಯ ಗದ್ದೆ ಕಣ್ಣೆದುರು ಬಂತು. ಆ ಶನಿವಾರವೇ ಊರಿನ ಬಸ್ಸು ಹತ್ತಿದೆ.

ತಂಗಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ನಿನ್ನ ಪಾಲು ಕಮ್ಮಿ ಬಂದದೆ ಕಣವ್ವ. ನಾನು ಅಳೆದದ್ದೇ ತಪ್ಪು" ಎಂದೆ.

"ಗೊತ್ತು ಕಣಣ್ಣ. ಮೊದಲ್ನೇ ನಾಟಿಲೇ ಗೊತ್ತಾಯ್ತು. ಎರಡು ಗದ್ದೆಗೂ ಸಮವಾಗಿ ಪೈರು ಹಂಚಿದ್ದೋ. ನಿಂದ್ರಲ್ಲಿ ಸರಿಯಾಯ್ತು, ನಂದ್ರಲ್ಲಿ ಮಿಕ್ತು."

"ಅವತ್ತೇ ಯಾಕವ್ವ ಕೇಳಲಿಲ್ಲ?"

ಅವಳು ಕಾಯಿಂದ ಕಣ್ಣೆತ್ತಲಿಲ್ಲ. "ನೀನು ಲೆಕ್ಕದ ಮೇಷ್ಟ್ರು. ನಿನಗೆ ತಪ್ಪಾಯ್ತದೆ ಅಂತ ಎಂಗೆ ಅನ್ಕಳ್ಳಲಿ? ಬೇಕು ಅಂತ್ಲೇ ಮಾಡ್ದೆ ಅನ್ಕಂಡೆ. ಓಗ್ಲಿ, ಅಣ್ಣ ತಾನೆ ಅಂತ ಸುಮ್ಕಾದೆ."

ಬದು ಒಡೆಸಿ ಅವಳ ಪಾಲು ಬಿಟ್ಟುಕೊಟ್ಟೆ. ಆ ಹನ್ನೆರಡು ವರ್ಷವನ್ನು ಏನು ಮಾಡಲಿ? ಪ್ರತಿ ಹಬ್ಬಕ್ಕೂ ಕರೆಯುತ್ತಿದ್ದಳು. ಹೋಗಿ, ಎರಡನೇ ಮುದ್ದೆಯನ್ನೂ ಕೇಳಿ ಹಾಕಿಸಿಕೊಂಡು ಉಣ್ಣುತ್ತಿದ್ದೆ. ಅಷ್ಟೂ ಸಲ ಅವಳು ಬಡಿಸಿದ್ದು, ತನಗೆ ಮೋಸ ಮಾಡಿದ ಅಣ್ಣನಿಗೆ.